ಯಾರ ವರ್ಷ, ಸ್ವಾಮಿ?

ಕುಟುಂಬ ವೈದ್ಯರ ತರಬೇತಿ ಎಷ್ಟು ವರ್ಷ ಇರಬೇಕು? ದೊಡ್ಡವರು ಫ್ಯಾನಿನ ಕೆಳಗೆ ಕೂತು ಲೆಕ್ಕ ಹಾಕುತ್ತಾರೆ. ಕೇರಿಯಲ್ಲಿ ನಿಂತ ನಾವು ಕೇಳುತ್ತೇವೆ: ಯಾರ ವರ್ಷ, ಸ್ವಾಮಿ?

ಎಂಬಿಬಿಎಸ್ ಓದಿಗೆ ನಾಲ್ಕೂವರೆ ವರ್ಷ. ಇಂಟರ್ನ್‌ಶಿಪ್ 1 ವರ್ಷ. ಅದರ ಮೇಲೆ ಕುಟುಂಬ ವೈದ್ಯಕೀಯದ ಡಿಎನ್‌ಬಿ 3 ವರ್ಷ. ಒಟ್ಟು ಎಂಟೂವರೆ. 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ 2 ವರ್ಷದ ಡಿಪ್ಲೊಮಾವನ್ನೂ ಘೋಷಿಸಿತು.

ನಮ್ಮ ಕೇರಿಯ ಹುಡುಗ ಎಂಬಿಬಿಎಸ್ ಮುಗಿಸಿ ಬಂದು, ‘ಇನ್ನೂ ಮೂರ್ ವರ್ಷ ಓದ್ಬೇಕವ್ವ’ ಅಂದ. ಕೂಲಿಯಿಂದ ಬಂದ ಅವ್ವ ಕಾಲು ತೊಳೆಯುತ್ತಾ ಅಂದಳು: ‘ಓದ್ಲಾ ಮಗ. ಸಾಲ ನಾನ್ ಹೆಂಗೋ ತೀರಿಸ್ತೀನಿ. ನಾನ್ ಸಾಯೋದ್ರೊಳ್ಗೆ ಡಾಕ್ಟ್ರಾಗ್ತೀಯ ತಾನೆ?’

ಶಿಷ್ಯವೇತನ ಕೊಡುತ್ತಾರಲ್ಲ ಎನ್ನುವವರಿದ್ದಾರೆ. ಹೌದು, ಕೊಡುತ್ತಾರೆ. ಅದು ಒಬ್ಬನ ಹೊಟ್ಟೆಗಾಯಿತು. ಅವನ ಬೆನ್ನಿಗಿರುವ ಮನೆಗೆ? ಅಪ್ಪನ ನರ್ಸಿಂಗ್ ಹೋಮ್ ಕಾಯುತ್ತಿರುವವನಿಗೆ ಮೂರು ವರ್ಷ ಓದು. ನಮ್ಮವನಿಗೆ ಮೂರು ವರ್ಷದ ಬಡ್ಡಿ.

ಹಾಗಾದರೆ ವರ್ಷ ಇಳಿಸಿ ಎನ್ನುತ್ತೇವಾ? ಇಲ್ಲ. ಹಾವು ಕಚ್ಚಿದವನು, ರಕ್ತವಿಲ್ಲದ ಬಸುರಿ, ಕ್ಷಯದ ಕೆಮ್ಮು, ಮುದುಕನ ಸಕ್ಕರೆ ಕಾಯಿಲೆ—ಎಲ್ಲ ಒಂದೇ ಮೇಜಿನ ಮುಂದೆ ಬರುತ್ತವೆ. ಕಣ್ಣೊಂದನ್ನೇ ನೋಡುವ ಎಂ.ಎಸ್.ಗೆ 3 ವರ್ಷ ಬೇಕಾದರೆ, ಇಡೀ ಮನುಷ್ಯನನ್ನು ನೋಡುವವನಿಗೆ ಕಮ್ಮಿ ಸಾಕು ಎನ್ನುವುದು ಯಾವ ನ್ಯಾಯ? ನಮ್ಮವನು ಕಮ್ಮಿ ಓದಿದರೆ ‘ಕೋಟಾ ಡಾಕ್ಟ್ರು’ ಎನ್ನಲು ಕಾದಿರುವ ನಾಲಿಗೆಗಳನ್ನೂ ಬಲ್ಲೆವು.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಮು, ಡಾಕ್ಟರಲ್ಲದವರಿಗೆ ಸೀಮಿತ ಪರವಾನಗಿ ಕೊಡುವ ಬಾಗಿಲು ತೆರೆದಿದೆ. ಆ ಬಾಗಿಲಿಂದ ಹೊರಟವರನ್ನು ಯಾವ ಊರಿಗೆ ಕಳಿಸುತ್ತಾರೆಂದು ಹೇಳಬೇಕೆ? ಪಟ್ಟಣಕ್ಕೆ ಪೂರಾ ಡಾಕ್ಟರು, ಹಳ್ಳಿಗೆ ಅರ್ಧ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟ ಬುದ್ಧಿಯೇ ಇದು.

ಕೆನಡಾದಲ್ಲಿ ಈ ತರಬೇತಿ 2 ವರ್ಷ. ಅಲ್ಲಿನ ಕುಟುಂಬ ವೈದ್ಯರ ಕಾಲೇಜು 3ಕ್ಕೆ ಏರಿಸಲು ಹೊರಟಾಗ ಸದಸ್ಯ ವೈದ್ಯರೇ ತಿರುಗಿಬಿದ್ದರು. 2023ರಲ್ಲಿ ಆ ಯೋಜನೆ ಬಿದ್ದುಹೋಯಿತು. ಅವರಿಗೆ ಕೈ ಎತ್ತಲು ಸಭೆಯಿತ್ತು. ಇಲ್ಲಿ ನಮ್ಮನ್ನು ಯಾವ ಸಭೆಗೆ ಕರೆದಿದ್ದಾರೆ?

ಕರೆಯದಿದ್ದರೂ ಹೇಳುತ್ತೇವೆ. ಮೂರಲ್ಲ, ಬೇಕಾದರೆ ನಾಲ್ಕು ಮಾಡಿ. ಆದರೆ ಆ ವರ್ಷಗಳು ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಚೀಟಿ ಬರೆಯುತ್ತಾ ಸವೆಯಬಾರದು. ಅರ್ಧದಷ್ಟಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಕಲಿಸುವ ಗುರುವಿನ ಜೊತೆ ಕಳೆಯಲಿ. ಸರ್ಕಾರಿ ಡಾಕ್ಟರಿಗೆ ಕೊಡುವ ಪೂರಾ ಸಂಬಳ ಕೊಡಿ. ಆ ವರ್ಷಗಳನ್ನು ಸೇವೆಯ ಲೆಕ್ಕಕ್ಕೆ ಸೇರಿಸಿ. ಇದಿಲ್ಲದೆ ಒಂದು ದಿನ ಏರಿಸಿದರೂ ಅದು ಓದಲ್ಲ, ಬಾಗಿಲಿಗೆ ಹಾಕಿದ ಇನ್ನೊಂದು ಚಿಲಕ.

ಹಳ್ಳಿಯ ಮೇಷ್ಟ್ರೇ, ಡಾಕ್ಟರಾಗ್ತೀನಿ ಎನ್ನುವ ಹುಡುಗಿ ನಿಮ್ಮ ತರಗತಿಯಲ್ಲೂ ಇದ್ದಾಳೆ. ಅವಳಿಗೆ ಎಂಟೂವರೆ ವರ್ಷದ ಲೆಕ್ಕ ಈಗಲೇ ಹೇಳಿ. ಹೆದರಿಸಲು ಅಲ್ಲ. ಆ ಲೆಕ್ಕ ಬರೆದವರನ್ನು ಅವಳೇ ಎದ್ದು ನಿಂತು ಕೇಳಲಿ ಎಂದು.