ಆರೋಗ್ಯ ವಿಚಾರ: ಕುಸುಮರೋಗ

ಹುಬ್ಬಳ್ಳಿ-ಧಾರವಾಡಗಳ ನಡುವಿನ ಬೈರಿದೇವರಕೊಪ್ಪದಲ್ಲಿ ನಮ್ಮ ಪರಿಚಯದ ಮನೆಯೊಂದುಂಟು. ಅಲ್ಲಿಯ ಅಂಬೆಗಾಲಿಡುವ ಗಂಡುಕೂಸಿಗೆ ಮೊಳಕಾಲು ಪದೇಪದೇ ಬಾಯುತ್ತಿತ್ತು; ತುಟಿಗೆ ತಾಕಿದ ಸಣ್ಣ ಪೆಟ್ಟಿನಿಂದ ಇರುಳೆಲ್ಲ ನೆತ್ತರು ಒಸರಿತು. ವೈದ್ಯರು ರಕ್ತವನ್ನು ಪರೀಕ್ಷಿಸಿ ಕುಸುಮರೋಗ, ಅಂದರೆ ಹಿಮೊಫಿಲಿಯಾ, ಎಂದರು. ನೆರೆಹೊರೆಯವರು ತಾಯಿಯನ್ನೇ ದೂರಿದರು. ಆಕೆಯ ತಂಗಿಯ ಲಗ್ನದ ಮಾತೂ ನಿಂತಿತು. ಈ ದೂರು ನ್ಯಾಯವೇ ಎಂಬದನ್ನು ವಾಚಕರೊಡನೆ ವಿಚಾರಿಸುವೆವು.

ನೆತ್ತರು ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಎಂಟನೆಯದಾಗಲಿ ಒಂಬತ್ತನೆಯದಾಗಲಿ ಕಡಿಮೆ ಬೀಳುವದೇ ಈ ರೋಗ. ಇದರ ಬೀಜವು ಸಾಮಾನ್ಯವಾಗಿ ತಾಯಿಯಿಂದ ಮಗನಿಗೆ ಬರುವದು ನಿಜ. ಆದರೆ ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಈ ರೋಗದ ಸುಳಿವೇ ಇರುವದಿಲ್ಲ. ಇಂಗ್ಲಂಡದ ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡನು 1884ರಲ್ಲಿ ಕಾಲುಜಾರಿ ಬಿದ್ದು, ಇದೇ ರೋಗದಿಂದ ಮರುದಿನವೇ ತೀರಿಕೊಂಡನು. ಅರಮನೆಯನ್ನೂ ಬಿಡದ ವ್ಯಾಧಿಗೆ ಬಡ ತಾಯಿಯನ್ನು ಹೊಣೆಯಾಗಿಸುವದು ಯಾವ ಧರ್ಮ?

ಆ ಕಾಲದಲ್ಲಿ ತಕ್ಕ ಮದ್ದಿರಲಿಲ್ಲ. 1964ರಲ್ಲಿ ಅಮೇರಿಕೆಯ ಜುಡಿತ್ ಪೂಲ್ ಎಂಬ ವಿದುಷಿಯು, ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ಮೆಲ್ಲಗೆ ಕರಗಿಸಿದರೆ ತಳದಲ್ಲಿ ಎಂಟನೆಯ ಅಂಶವು ಉಳಿಯುವದೆಂದು ತೋರಿಸಿದಳು. ಮುಂದೆ ಅನೇಕರ ರಕ್ತದಿಂದ ಮಾಡಿದ ಔಷಧದ ಮೂಲಕ 1980ರ ದಶಕದಲ್ಲಿ ಸಾವಿರಾರು ರೋಗಿಗಳಿಗೆ ಏಡ್ಸಿನ ವಿಷಾಣು ತಗಲಿತು. ಬಳಿಕ ಶುದ್ಧೀಕರಣವು ಬಿಗಿಯಾಯಿತು. 1992ರಿಂದ ರಕ್ತವಿಲ್ಲದೆ ತಯಾರಿಸಿದ ಅಂಶವೂ, 2017ರಿಂದ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಮದ್ದೂ ಬಂದವು. ನಮ್ಮ ನಾಡಿನಲ್ಲಿಯೇ ದಾವಣಗೆರೆಯ ಡಾ. ಸುರೇಶ ಹನಗವಾಡಿಯವರು, ತಾವೇ ಈ ರೋಗವುಳ್ಳವರಾಗಿದ್ದು, ವೈದ್ಯರಾಗಿ ಕರ್ನಾಟಕ ಹಿಮೊಫಿಲಿಯಾ ಸೊಸಾಯಿಟಿಯ ಮೂಲಕ ಇಂಥವರ ಸೇವೆಗೆ ನಿಂತಿದ್ದಾರೆ.

ಮನೆಯವರು ಇಷ್ಟನ್ನು ನೆನಪಿಡತಕ್ಕದ್ದು. ಕೀಲು ಬಾತಾಗ ತಿಕ್ಕಬಾರದು, ಶಾಖ ಕೊಡಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು, ಅಂಗವನ್ನು ಅಲುಗಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಲೆಗೆ ಪೆಟ್ಟಾದರೆ ಲಕ್ಷಣಕ್ಕಾಗಿ ಕಾಯಲೇಬಾರದು. ಆಸ್ಪಿರಿನ್ ಕೊಡಬಾರದು. ಯಾವ ಸೂಜಿಗೂ ಹಲ್ಲು ಕೀಳಿಸುವದಕ್ಕೂ ಮುಂಚೆ ವೈದ್ಯರಿಗೆ ರೋಗವನ್ನು ತಿಳಿಸಬೇಕು. ಸರಕಾರೀ ಆಸ್ಪತ್ರೆಗಳಲ್ಲಿ ಈ ಅಂಶವನ್ನು ಉಚಿತವಾಗಿ ಕೊಡುವ ಏರ್ಪಾಡುಂಟು, ವಿಚಾರಿಸಲು ನಾಚಬೇಕಾಗಿಲ್ಲ.

ಆ ತಂಗಿಗೂ ರಕ್ತಪರೀಕ್ಷೆಯಾಗಲಿ. ಅದು ಮುಂದಿನ ಕೂಸಿನ ಯೋಗಕ್ಷೇಮಕ್ಕಲ್ಲದೆ ಲಗ್ನವನ್ನು ಮುರಿಯುವದಕ್ಕಲ್ಲ. ಬೈರಿದೇವರಕೊಪ್ಪದ ಆ ಕೂಸು ಚಿಕಿತ್ಸೆಯಾದ ಮೇಲೆ ಗೋಡೆ ಹಿಡಿದು ನಿಲ್ಲುತ್ತಿದೆ. ನೆರೆಯವರು ಅದರ ತಾಯಿಯ ಬೆನ್ನಿಗೆ ನಿಂತರೆ ಅರ್ಧ ಔಷಧ ಮನೆಯಲ್ಲಿಯೇ ದೊರೆತಂತೆ.