ವ್ಯಸನದ ನೆನಪು, ಮೂಕಜೀವಿಯ ಋಣ

ಸಪ್ತವ್ಯಸನಗಳ ಗಣನೆಯಲ್ಲಿ ಮದ್ಯಪಾನವೂ ಬೇಟೆಯೂ ಒಂದೇ ಸಾಲಿನಲ್ಲಿ ನಿಂತಿವೆ. ಮೊದಲನೆಯದನ್ನು ನೀಗಲು ಎರಡನೆಯದನ್ನು, ಅದೂ ಪಂಜರದೊಳಗಿನ ಬೇಟೆಯನ್ನು, ಆಶ್ರಯಿಸುವುದು ಯುಕ್ತವೇ? ವ್ಯಸನಮುಕ್ತಿ ಕಾರ್ಯಕ್ಕೆ ಉದಾರವಾಗಿ ದಾನ ನೀಡುವ ಶ್ರಾವಕ ಸಮಾಜವು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗಿದೆ.

ವ್ಯಸನವು ಕೇವಲ ಮನೋದೌರ್ಬಲ್ಯವಲ್ಲ, ಅದೊಂದು ಬಗೆಯ ಕಲಿಕೆಯೂ ಹೌದು ಎಂಬುದು ವಿಜ್ಞಾನಿಗಳ ನಿರ್ಣಯ. ಸುಖ ದೊರೆತ ಸ್ಥಳ, ಸಮಯ, ಸಂಗಾತಿಗಳನ್ನು ಮಿದುಳು ನೆನಪಿನಲ್ಲಿಡುತ್ತದೆ. ಅವು ಮತ್ತೆ ಎದುರಾದಾಗ ಬಯಕೆ ಎಚ್ಚರಗೊಳ್ಳುತ್ತದೆ. ಈ ತಿಳಿವಿಗೆ ಬೆಲೆ ತೆತ್ತವು ಮೂಕಪ್ರಾಣಿಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳ ಮಿದುಳಿಗೆ ತಂತಿ ನೆಟ್ಟು, ಅವು ತಾವಾಗಿಯೇ ಪೆಡಲ್ ಒತ್ತಿ ವಿದ್ಯುತ್ ಪ್ರಚೋದನೆಯ ಸುಖ ಪಡೆಯುವಂತೆ ಮಾಡಲಾಗಿತ್ತು. ಅಲ್ಲಿ ಮಾದಕವಸ್ತು ಇರಲಿಲ್ಲ. ಪ್ರಚೋದನೆಗೊಂಡದ್ದು ಮಾತ್ರ ಮಾದಕವಸ್ತುಗಳು ವಶಪಡಿಸಿಕೊಳ್ಳುವ ಸುಖದ ನರಮಾರ್ಗವೇ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳಲ್ಲಿ ಕವಲುಗಳು ಹೆಚ್ಚಿದುದು ಕಂಡುಬಂದಿತು. ಅದನ್ನು ಕಾಣಲು ಇಲಿಗಳು ಪ್ರಾಣ ತೆರಬೇಕಾಯಿತು.

2002ರಲ್ಲಿ ಅಮೆರಿಕದ ಕ್ರೊಂಬಾಗ್ ಮತ್ತು ಶಹಾಮ್ ಎಂಬುವರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಪರಿಸರದಲ್ಲಿ ಮಾದಕವಸ್ತುವಿನ ಚಟ ಹತ್ತಿದ ಇಲಿಗಳಿಗೆ ಬೇರೊಂದು ಪರಿಸರದಲ್ಲಿ ಅದನ್ನು ಮರೆಸಲಾಯಿತು. ಮೊದಲಿನ ಪರಿಸರಕ್ಕೆ ಮರಳಿಸಿದೊಡನೆ ಅವು ಮತ್ತೆ ಅದನ್ನೇ ಅರಸಿದವು.

ಸಮರ್ಥಕರು ಒಂದು ಮಾತಿಗೆ ಉತ್ತರಿಸಲಿ. ಇಲಿಯ ನೆನಪು ಮನುಷ್ಯನ ನೆನಪಿಗೆ ಸದೃಶವಲ್ಲವಾದರೆ ಪ್ರಯೋಗ ವ್ಯರ್ಥ. ಸದೃಶವಾದರೆ, ಸುಖವನ್ನು ನೆನೆಯುವ ಜೀವ ಭಯವನ್ನೂ ನೋವನ್ನೂ ನೆನೆಯುತ್ತದೆ. ತತ್ತ್ವಾರ್ಥಸೂತ್ರವು ಮತಿಜ್ಞಾನದ ನಾಲ್ಕನೆಯ ಹಂತವಾಗಿ ಎಣಿಸುವ ಧಾರಣೆ, ಅಂದರೆ ಅರಿತುದನ್ನು ಉಳಿಸಿಕೊಳ್ಳುವ ಶಕ್ತಿ, ಮನುಷ್ಯನೊಬ್ಬನ ಸೊತ್ತಲ್ಲ. ಪಂಚೇಂದ್ರಿಯ ಜೀವಿಯಾದ ಇಲಿಗೂ ಅದುಂಟೆಂದು ಪ್ರಯೋಗಶಾಲೆಯೇ ಸಾಕ್ಷಿ ನುಡಿದಿದೆ.

ಪ್ರಾಣಿಗಳಿಲ್ಲದೆ ಈ ಜ್ಞಾನವೇ ಇಲ್ಲವೆಂಬ ವಾದವೂ ನಿಲ್ಲದು. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿ ಸಂದರ್ಶನಗಳ ಮೂಲಕ ಅಭ್ಯಸಿಸಿದರು. ಅಲ್ಲಿ ಹೆರಾಯಿನ್‌ಗೆ ದಾಸರಾಗಿದ್ದವರಲ್ಲಿ, ಸ್ವದೇಶ ಸೇರಿದ ಮೊದಲ ವರ್ಷ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5 ಮಂದಿ. ಸ್ಥಳವೂ ಸಂಗವೂ ಬದಲಾದುದು ಇದಕ್ಕೆ ದೊಡ್ಡ ಕಾರಣವೆಂದು ಅನೇಕ ತಜ್ಞರು ಎಣಿಸುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 17ನೆಯ ಕಲಮು ಕೂಡ ಸಾಧ್ಯವಾದೆಡೆಯೆಲ್ಲ ಪ್ರಾಣಿಪ್ರಯೋಗವನ್ನು ವರ್ಜಿಸಬೇಕೆನ್ನುತ್ತದೆ. ತಿಳಿದುದನ್ನೇ ಮತ್ತೆ ತಿಳಿಯಲು ಪಂಜರ ತುಂಬುವುದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನೂ ಅಲ್ಲ.

ಇಷ್ಟು ಬೆಲೆಗೆ ಬಂದ ತಿಳಿವನ್ನು ಬಳಸದೆ ಬಿಡುವುದು ಎರಡನೆಯ ಅಪರಾಧ. ಚಿಕಿತ್ಸೆ ಮುಗಿಸಿ ಕೃಷ್ಣರಾಜಪುರದ ಮನೆಗೆ ಮರಳುವ ತರುಣನಿಗೆ ಹಿರಿಯರು ಜಿನಮಂದಿರದಲ್ಲಿ ಪ್ರತಿಜ್ಞೆ ಮಾಡಿಸುತ್ತಾರೆ. ಮರುದಿನವೇ ಅವನನ್ನು ಅದೇ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ, ಸಂಜೆ ಟಿನ್ ಫ್ಯಾಕ್ಟರಿ ಬಳಿಯ ಅದೇ ದಾರಿಗೆ, ಅದೇ ಗೆಳೆಯರ ಕೈಗೆ ಬಿಡುತ್ತಾರೆ. ಮತ್ತೆ ಬಿದ್ದರೆ ಪೂರ್ವಕರ್ಮವನ್ನು ದೂರುತ್ತಾರೆ.

ಮಂದಿರದ ಟ್ರಸ್ಟುಗಳು ಮಾಡತಕ್ಕ ಕಾರ್ಯಗಳು ಎರಡು. ವ್ಯಸನ ಸಂಶೋಧನೆಗೆ ದಾನ ನೀಡುವಾಗ ಅದು ಪ್ರಾಣಿಪ್ರಯೋಗಕ್ಕೆ ಸಲ್ಲದೆಂಬ ಲಿಖಿತ ಭರವಸೆ ಪಡೆಯಬೇಕು. ಚಿಕಿತ್ಸೆ ಪಡೆದ ತರುಣನಿಗೆ ವೈದ್ಯರ ಸಲಹೆಯೊಡನೆ ಬೇರೆ ಊರಿನ ಸಾಧರ್ಮಿಕರ ವ್ಯಾಪಾರದಲ್ಲಿ ಉದ್ಯೋಗ, ವಸತಿ, ಸತ್ಸಂಗ ಒದಗಿಸಬೇಕು. ಇವೆರಡನ್ನೂ ಮುಂದಿನ ವಾರ್ಷಿಕ ಸಭೆಯ ಮುಂದಿಡದೆ ಪ್ರತಿಜ್ಞೆಯೊಂದನ್ನೇ ನೆಚ್ಚಿ ಕುಳಿತವರಿಗೆ ಆ ತರುಣನನ್ನು ನಿಂದಿಸುವ ಅಧಿಕಾರವಿಲ್ಲ.