ಅಂಬಾಸಿಡರಿನ ಕೊನೆಯ ವೇಷ

ನಿಪ್ಪಾಣಿಯ ಹೆದ್ದಾರಿಯ ಮಗ್ಗುಲಲ್ಲಿ ಬೇವಿನ ಮರವೊಂದರ ಕೆಳಗೆ ಒಂದು ಬಿಳಿಯ ಅಂಬಾಸಿಡರ್ ಕಾರು ಬಹುದಿನಗಳಿಂದ ನಿಂತಿದೆ. ಗಾಲಿಗಳಲ್ಲಿ ಗಾಳಿಯಿಲ್ಲ, ಛಾವಣಿಯ ಮೇಲೆ ಒಣಗಿದೆಲೆಗಳ ಹಾಸು. ಅದರ ಒಡೆಯರು ಒಂದು ಕಾಲಕ್ಕೆ ಕೊಲ್ಲಾಪುರ, ಬೆಳಗಾವಿಗಳಿಗೆ ಅದನ್ನು ಬಾಡಿಗೆಗೆ ಓಡಿಸುತ್ತಿದ್ದವರು. ಅವರ ಮಗ ನನ್ನ ವಿದ್ಯಾರ್ಥಿ. ಒಂದು ದಿನ ಕಾಲೇಜಿನ ದಾರಿಯಲ್ಲಿ ಆ ಹುಡುಗ ಕೇಳಿದ: "ಗಾಡಿ ಭಾಳ ಛಲೋ ಇತ್ತು ಅಂತ ಎಲ್ಲಾರೂ ಅಂತಾರಲ್ಲರಿ ಸರ, ಮತ್ತ ಮಾಡೂದು ಯಾಕ ನಿಲ್ಲಿಸಿದ್ರು?"

"ಕಾಲ ಬದಲಾಯಿತಪ್ಪ" ಎಂದು ಉತ್ತರಿಸಿ ಮುಂದೆ ನಡೆದೆ. ಉತ್ತರ ತಿಳಿಯದವರೂ ಉತ್ತರ ಹೇಳಲು ಮನಸ್ಸಿಲ್ಲದವರೂ ಕಾಲದ ಮೇಲೆ ಭಾರ ಹಾಕುವುದು ವಾಡಿಕೆ. ಕನ್ನಡದ ಅಧ್ಯಾಪಕನಿಗೆ ಕಾರಿನ ಉಸಾಬರಿ ಏತಕ್ಕೆಂದು ವಾಚಕರು ಕೇಳಬಹುದು. ಆ ಹುಡುಗನ ಪ್ರಶ್ನೆ ಕಾರಿನಲ್ಲಿಯೇ ನಿಲ್ಲದೆ ನನ್ನ ಮೇಜಿನವರೆಗೂ ಬಂದಿತೆಂಬುದೇ ಇದನ್ನು ಬರೆಯಲು ಕಾರಣ.

ಹಿಂದುಸ್ತಾನ್ ಮೋಟರ್ಸ್ ಹುಟ್ಟಿದ್ದು 1942ರಲ್ಲಿ. ಗುಜರಾತಿನ ಓಖಾ ಬಂದರಿನಿಂದ ಅದು ಬಂಗಾಳದ ಉತ್ತರಪಾಡಕ್ಕೆ ಬಂದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಅಚ್ಚಾಗಿಟ್ಟುಕೊಂಡು 1957–58ರ ವೇಳೆಗೆ ಅಂಬಾಸಿಡರನ್ನು ಹೊರತಂದಿತು. ನಿಪ್ಪಾಣಿಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಒಂದೆರಡು ವರ್ಷ. ಮೂಲದ ಇಂಗ್ಲಿಷ್ ಮಾದರಿ 1959ರಲ್ಲಿಯೇ ಹಿಂದೆ ಸರಿಯಿತು. ಅದರ ಭಾರತೀಯ ಅವತಾರ ಮಾತ್ರ ಅರ್ಧ ಶತಮಾನಕ್ಕೂ ಮೀರಿ ಬಾಳಿತು.

ಅದು ಬಾಳಿದ್ದು ಸುಮ್ಮನಲ್ಲ. ತಂಬಾಕಿನ ವ್ಯಾಪಾರಿಯನ್ನು ಪೇಟೆಗೂ, ಮದುಮಕ್ಕಳನ್ನು ಮಂಟಪಕ್ಕೂ, ಹೆರಿಗೆಯ ನೋವಿನ ಹೆಣ್ಣುಮಗಳನ್ನು ದವಾಖಾನೆಗೂ ಹೊತ್ತದ್ದು ಇದೇ ಗಾಡಿ. ಮುಂದಿನ ಉದ್ದನೆಯ ಆಸನದಲ್ಲಿ ಚಾಲಕನೊಡನೆ ಇಬ್ಬರು, ಹಿಂದೆ ನಾಲ್ವರು, ಅವರ ತೊಡೆಯ ಮೇಲೆ ಮಕ್ಕಳು: ಹೀಗೆ ಒಂದು ಮನೆತನವೇ ಅದರಲ್ಲಿ ಹಿಡಿಸುತ್ತಿತ್ತು. ಬಾಲ್ಯದಲ್ಲಿ ನಾನೂ ಹಾಗೆ ಯಾರದೋ ತೊಡೆಯ ಮೇಲೆ ಕುಳಿತು ತವಂದಿ ಘಾಟು ಏರಿದವನು. ಕೆಟ್ಟರೆ ಯಾವ ಊರಿನ ಮಿಸ್ತ್ರಿಯಾದರೂ ರಸ್ತೆಯ ಬದಿಯಲ್ಲಿಯೇ ಬಿಚ್ಚಿ ಜೋಡಿಸಬಲ್ಲ ಯಂತ್ರ ಅದು. 2013ರಲ್ಲಿ ಬ್ರಿಟನ್ನಿನ 'ಟಾಪ್ ಗೇರ್' ಕಾರ್ಯಕ್ರಮ ಜಗತ್ತಿನ ಟ್ಯಾಕ್ಸಿಗಳಲ್ಲಿ ಇದೇ ಉತ್ತಮವೆಂದು ಮನ್ನಿಸಿದ್ದು ತೀರ ಅಕಾರಣವೇನಲ್ಲ.

ಆದರೆ ಮೆಚ್ಚಿಗೆಯೂ ಒಮ್ಮೊಮ್ಮೆ ಕೊಲ್ಲುತ್ತದೆ. ಪರವಾನಿಗೆಗಳ ಆ ಕಾಲದಲ್ಲಿ ಕಾರು ಬೇಕಾದವನು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾದು ಪಡೆದ ವಸ್ತುವಿನಲ್ಲಿ ದೋಷ ಕಾಣುವವರುಂಟೆ? ಮಂತ್ರಿಗಳಿಂದ ಜಿಲ್ಲಾಧಿಕಾರಿಗಳವರೆಗೆ ಎಲ್ಲರಿಗೂ ಸರಕಾರ ಅದನ್ನೇ ಕೊಳ್ಳುತ್ತಿತ್ತು. ಕೊಳ್ಳುವವನು ಖಚಿತವಾದ ಮೇಲೆ ಮಾರುವವನಿಗೆ ನಿದ್ರೆ ಬರುವುದು ಸಹಜ. ಮುಂಗಡೆಯ ಜಾಲರಿ ಬದಲಾಯಿತು, ದೀಪ ಬದಲಾಯಿತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರಿನ ಮುಂದಿನ ಅಂಕೆ ಬದಲಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗಿಳಿದಾಗಲೇ ಜನರಿಗೆ ಬೇರೊಂದು ಕಾರು ಹೇಗಿರಬಹುದೆಂಬುದು ತಿಳಿದದ್ದು.

ಕೊನೆಯ ತಲೆಮಾರಿನ ಕಥೆ ಇನ್ನೂ ಮರುಕ ಹುಟ್ಟಿಸುವಂಥದು. 1990ರ ದಶಕದ ಆದಿಯಲ್ಲಿ ಜಪಾನಿನ ಇಸುಜು ಎಂಜಿನ್ ಬಂದಿತು; ಗುಂಡಿಗೆ ಹೊಸದಾಯಿತು, ಮೈ ಹಳೆಯದೇ ಉಳಿಯಿತು. 2003ರಲ್ಲಿ 'ಗ್ರ್ಯಾಂಡ್', 2004ರಲ್ಲಿ 'ಅವಿಗೊ', ಕಟ್ಟಕಡೆಗೆ 2013ರಲ್ಲಿ 'ಎನ್‌ಕೋರ್'. 2010ರಲ್ಲಿ ಬೆಂಗಳೂರು, ಕೊಲ್ಕತ್ತ ಮೊದಲಾದ ನಗರಗಳಲ್ಲಿ ಹೊಗೆಯ ಹೊಸ ನಿಯಮ ಬಂದು ಈ ಕಾರಿಗೆ ಅಲ್ಲಿ ಬಾಗಿಲು ಮುಚ್ಚಿತ್ತು; ಆ ನಿಯಮಕ್ಕೊಪ್ಪುವ ಡೀಸೆಲ್ ಎಂಜಿನ್ನನ್ನೂ ಐದು ಗೇರುಗಳನ್ನೂ ಎನ್‌ಕೋರ್ ಹೊತ್ತು ತಂದಿತು. ನಾಟಕದಲ್ಲಿ ರಸಿಕರು 'ಒನ್ಸ್ ಮೋರ್' ಎಂದು ಕೂಗಿದ ಮೇಲೆ ನಟ ಮರಳಿ ರಂಗಕ್ಕೆ ಬರುವುದಕ್ಕೆ ಆ ಹೆಸರು. ಇಲ್ಲಿ ಕೂಗಿದವರೇ ಇರಲಿಲ್ಲ. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಮಾರಾಟವಾಗುತ್ತಿದ್ದ ಕಾರು 2013–14ರಲ್ಲಿ ಸುಮಾರು 2,200ಕ್ಕೆ ಇಳಿಯಿತು. 2014ರ ಮೇ 24ರಂದು ಉತ್ತರಪಾಡದ ಕಾರಖಾನೆಯಲ್ಲಿ ಕೆಲಸ ನಿಂತಿತು. ಎರಡು ಸಾವಿರಕ್ಕೂ ಮಿಕ್ಕಿದ ಕೆಲಸಗಾರರ ಕೈ ಬರಿದಾಯಿತು. 2017ರಲ್ಲಿ ಅದರ ಹೆಸರನ್ನು ಫ್ರಾನ್ಸಿನ ಪ್ಯೂಜೊ ಸಂಸ್ಥೆ 80 ಕೋಟಿ ರೂಪಾಯಿಗೆ ಕೊಂಡಿತು.

ಅಂದಿನಿಂದ ಹಳಹಳಿಕೆಯ ಬರಹಗಳಿಗೆ ಕೊರತೆಯಿಲ್ಲ. ಅವನ್ನು ಬರೆದವರಲ್ಲಿ ಎಷ್ಟು ಜನ ಆ ಕೊನೆಯ ವರ್ಷಗಳಲ್ಲಿ ಅಂಬಾಸಿಡರನ್ನು ಕೊಂಡಿದ್ದರು? ಬದುಕಿದ್ದಾಗ ತಪ್ಪು ತೋರಿಸದೆ, ಸತ್ತಮೇಲೆ ಗುಣಗಾನ ಮಾಡುವುದು ಪ್ರೀತಿಯಲ್ಲ. ಅದು ಆಲಸ್ಯದ ಒಂದು ಸಭ್ಯರೂಪ. ಅಂಬಾಸಿಡರನ್ನು ಕೆಡಿಸಿದ್ದು ಅದರ ವೈರಿಗಳಿಗಿಂತ ಹೆಚ್ಚಾಗಿ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡವರು ಎಂಬುದೇ ನನ್ನ ಅಭಿಪ್ರಾಯ.

ಹೀಗೆ ಆಲೋಚಿಸುತ್ತ ಮನೆಗೆ ಬಂದವನು ಮೇಜಿನ ಮೇಲಿದ್ದ ಟಿಪ್ಪಣಿಯ ಕಟ್ಟನ್ನು ಬಿಚ್ಚಿದೆ. ಪಂಪನ ಕುರಿತು ನಾನು ತರಗತಿಯಲ್ಲಿ ಹೇಳುವ ಪಾಠ ಅದು. ಪಠ್ಯಕ್ರಮ ಬದಲಾದಾಗಲೆಲ್ಲ ಹೊಸ ರಟ್ಟು ಹಾಕಿದ್ದೇನೆ, ಹೊಸ ತಲೆಬರಹ ಕೊಟ್ಟಿದ್ದೇನೆ; ಒಳಗಿನ ಹಾಳೆಗಳು ನಾನು ಎಂ.ಎ. ಮುಗಿಸಿ ಬಂದ ಹೊಸತರಲ್ಲಿ ಬರೆದವು. ಮನೆಯಲ್ಲಿ ಮರಾಠಿಯಾಡುವ ಮಕ್ಕಳು, ಹೊಲದಿಂದ ನೇರವಾಗಿ ತರಗತಿಗೆ ಬರುವ ಮಕ್ಕಳು, ಕಾವ್ಯವನ್ನು ಹಿಂದೆಂದೂ ಓದದವರು, ಎಲ್ಲರಿಗೂ ಅದೇ ಪಾಠ. ಆದರೂ ತರಗತಿ ತುಂಬಿರುತ್ತದೆ. ಏಕೆಂದರೆ ಭಾಷಾಪತ್ರಿಕೆಯಲ್ಲಿ ತೇರ್ಗಡೆಯಾಗಲೇಬೇಕು. ಸರಕಾರ ಕಾರು ಕೊಳ್ಳುತ್ತಿದ್ದ ರೀತಿಯಲ್ಲಿಯೇ ಈ ಮಕ್ಕಳು ನನ್ನ ಪಾಠವನ್ನು ಕೊಳ್ಳುತ್ತಿದ್ದರು. ನಾನೋ, ತುಂಬಿದ ಬೆಂಚುಗಳನ್ನು ಕನ್ನಡದ ಮೇಲಿನ ಒಲವೆಂದು ಎಣಿಸಿ ಸಂತೋಷಪಡುತ್ತಿದ್ದೆ.

ಪಂಪನ ಕಾವ್ಯ ಹಳತಾಗಿದೆ ಎಂದು ಇದರ ಅರ್ಥವಲ್ಲ. ಸಾವಿರ ವರ್ಷ ದಾಟಿದ ಆ ಕೃತಿ ಪ್ರತಿಯೊಬ್ಬ ಓದುಗನಲ್ಲಿ ಹೊಸದಾಗಿ ಹುಟ್ಟಬಲ್ಲದು. ಹಳತಾದದ್ದು ನನ್ನ ಪಾಠ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ವೇದಿಕೆಗಳಲ್ಲಿ ನಾವು ಗಟ್ಟಿಯಾಗಿ ಹೇಳುತ್ತೇವೆ. ಆಜ್ಞೆಯ ರಕ್ಷೆಯಲ್ಲಿ ಒಂದು ವಸ್ತುವನ್ನು ಉಳಿಸಬಹುದು, ಬೆಳೆಸಲಾಗದು. ಬೆಳೆಯದ್ದಕ್ಕೆ ಎಷ್ಟು ಹೊಸ ಹೆಸರಿಟ್ಟರೂ ಅದು ಕೊನೆಯ ವೇಷವೇ ಸೈ.

ಮರುದಿನ ಆ ಹುಡುಗನನ್ನು ಕರೆದು ಹೇಳಿದೆ: "ನಿನ್ನೆ ನಾ ಹೇಳಿದ್ದು ತಪ್ಪು. ಗಾಡಿ ಛಲೋ ಇತ್ತು. ಛಲೋ ಐತಿ ಅಂತ ಎಲ್ಲಾರೂ ಸುಮ್ಮನ ಕೂತ್ರು, ಅದಕ್ಕ ನಿಂತು ಹೋತು." ಅವನು ಕ್ಷಣಹೊತ್ತು ಯೋಚಿಸಿ, "ನಮ್ಮ ಅಪ್ಪಗ ಇದನ್ನ ಹೇಳಬ್ಯಾಡ್ರಿ ಸರ, ಬ್ಯಾಸರ ಮಾಡ್ಕೋತಾನ" ಎಂದ.

ಅವನ ತಂದೆಗೆ ಹೇಳಿಲ್ಲ. ಆ ಟಿಪ್ಪಣಿಯ ಕಟ್ಟನ್ನು ಮಾತ್ರ ಅಟ್ಟದ ಮೇಲಿಟ್ಟು, ಈ ವರ್ಷದ ಪಾಠವನ್ನು ಬಿಳಿಯ ಹಾಳೆಯಿಂದ ಮೊದಲುಮಾಡಿದ್ದೇನೆ.